ಕುಷ್ಟಗಿ ಸೀಮೆಯ ಹಳಿವ ನುಡಿಗಳು

ಒಂದು ಜನವು ಯಾವುದನ್ನು ಸದಾಚಾರವೆಂದು ಎಣಿಸುತ್ತದೆಯೆಂಬುದು ಅದರ ನೀತಿಗ್ರಂಥಗಳಿಂದ ತಿಳಿದುಬರುತ್ತದೆ. ಯಾವ ನಡತೆಯನ್ನು ಅದು ದಿನದ ಬಾಳಿನಲ್ಲಿ ಸಹಿಸಲಾರದೆಂಬುದು ತಿಳಿಯಬೇಕಾದರೆ ಕಟ್ಟೆಯ ಮೇಲಣ ಮಾತಿಗೆ ಕಿವಿಗೊಡಬೇಕು. ನೀತಿಗ್ರಂಥವು ಕೊಲೆ, ಕಳವು, ಹುಸಿ ಮುಂತಾದ ಮಹಾದೋಷಗಳನ್ನು ಹೇಳುತ್ತದೆ. ಕಟ್ಟೆಯಾದರೋ ಯಾವ ಧರ್ಮಶಾಸ್ತ್ರವೂ ದಂಡವಿಧಿಸದ, ಯಾವ ನ್ಯಾಯಸ್ಥಾನವೂ ವಿಚಾರಿಸದ ಸಣ್ಣ ದೋಷಗಳನ್ನು ಹಿಡಿಯುತ್ತದೆ. ಕರೆಯದೆ ಮಾತಿನೊಳಗೆ ನುಗ್ಗುವುದು, ಉಂಡ ಮನೆಯನ್ನೇ ಅಳೆಯುವುದು, ಎಲ್ಲರೂ ಬಾಗಿ ದುಡಿಯುವಾಗ ತಾನೊಬ್ಬನು ಜಾರಿಕೊಳ್ಳುವುದು, ಬಲವುಳ್ಳವನ ಮುಂದೆ ತಲೆಯಾಡಿಸುವುದು - ಇವುಗಳಿಗೆ ಶಿಕ್ಷೆಯಿಲ್ಲ, ಹೆಸರಿದೆ. ಆ ಹೆಸರೇ ಶಿಕ್ಷೆ. ಇಂತಹ ಹೆಸರುಗಳನ್ನು ‘ಹಳಿವ ನುಡಿ’ಗಳೆಂದು ಕರೆದು, ಬೈಗುಳಿನಿಂದಲೂ ಶಾಪದಿಂದಲೂ ಬೇರ್ಪಡಿಸಿ ವಿಚಾರಿಸುವುದು ಯುಕ್ತವಾಗಿದೆ. ಬೈಗುಳು ಸಿಟ್ಟಿನ ಮಾತು. ಅದಕ್ಕೆ ಅರ್ಥಕ್ಕಿಂತ ವೇಗವೇ ಮುಖ್ಯ. ಶಾಪವು ಮುಂದಣ ಕೇಡನ್ನು ಬಯಸುತ್ತದೆ. ಹಳಿವ ನುಡಿಯು ನಡೆದುಹೋದ ಒಂದು ನಡತೆಯನ್ನು ಕುರಿತು ನಾಲ್ವರೆದುರು ಕೊಟ್ಟ ತೀರ್ಪು.

ಈ ತೀರ್ಪುಗಳಿಗೆ ನಮ್ಮ ನಿಘಂಟುಗಳಲ್ಲಿಯೂ ಸಾಹಿತ್ಯವಿಚಾರದಲ್ಲಿಯೂ ದೊರೆತಿರುವ ಸ್ಥಾನವು ಅಲ್ಪ. ಅದಕ್ಕೆ ಕಾರಣವೇನು, ಆ ಉಪೇಕ್ಷೆಯಿಂದ ಕನ್ನಡಕ್ಕೆ ಆಗುತ್ತಿರುವ ನಷ್ಟವೇನು, ಹಾಗೆಂದು ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿಟ್ಟು ಆದರಿಸಬಹುದೇ ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಾರ್ಹವಾಗಿವೆ. ನಿದರ್ಶನಕ್ಕೆ ಕುಷ್ಟಗಿ ಸೀಮೆಯ ಮಾತನ್ನು ತೆಗೆದುಕೊಳ್ಳಲಾಗಿದೆ.

೧

ಕುಷ್ಟಗಿಯು ಇಂದಿನ ಕೊಪ್ಪಳ ಜಿಲ್ಲೆಯ ಉತ್ತರದ ತಾಲ್ಲೂಕು. ೧೯೪೮ನೆಯ ಇಸವಿಯ ಸೆಪ್ಟೆಂಬರಿನವರೆಗೆ ಈ ಸೀಮೆಯು ಉರ್ದುವನ್ನು ರಾಜಭಾಷೆಯಾಗಿ ಉಳ್ಳ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯೊಡನೆ ಮೈಸೂರು ರಾಜ್ಯವನ್ನು ಕೂಡಿತು. ೧೯೯೭ರಲ್ಲಿ ಕೊಪ್ಪಳ, ಗಂಗಾವತಿ, ಯಲಬುರ್ಗಿಗಳೊಡನೆ ಹೊಸ ಜಿಲ್ಲೆಯ ಭಾಗವಾಯಿತು. ಇದರ ನೆರೆಯ ಇಳಕಲ್ಲು, ಹುನಗುಂದ, ಗಜೇಂದ್ರಗಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಆದಕಾರಣ ಒಂದು ಕಡೆಯಿಂದ ಉರ್ದುವೂ ಇನ್ನೊಂದು ಕಡೆಯಿಂದ ಮರಾಠಿಯೂ ಈ ಸೀಮೆಯ ಕನ್ನಡಕ್ಕೆ ಶಬ್ದಗಳನ್ನು ಒದಗಿಸಿವೆ.

ಆದರೆ ಇದನ್ನು ಕೇವಲ ಗಡಿಯ ಬೆರಕೆಮಾತೆಂದು ತಳ್ಳಿಹಾಕುವುದು ಸಲ್ಲದು. ಸುಮಾರು ಕ್ರಿ. ಶ. ೮೫೦ರಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳಿನ ನಾಡೆಂದು ಗಣಿಸಿತು. ಕೊಪಣವೇ ಇಂದಿನ ಕೊಪ್ಪಳ, ಕಿಸುವೊಳಲೇ ಪಟ್ಟದಕಲ್ಲು. ಕುಷ್ಟಗಿಯು ಇವೆರಡಕ್ಕೂ ದೂರವಾದುದಲ್ಲ. ಆ ಗ್ರಂಥವೇ ತನ್ನ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ದೋಷಾದೋಷಗಳ ವಿವೇಚನೆಗೆ ಮೀಸಲಿಟ್ಟಿತು; ನಾಡಿನ ಜನರು ಮಾತಿನ ಹದವನ್ನು ಅರಿತವರೆಂದೂ ಹೊಗಳಿತು. ಕಾವ್ಯದ ದೋಷವನ್ನು ಪಂಡಿತನು ಹಿಡಿಯುವಂತೆ ನಡತೆಯ ದೋಷವನ್ನು ಆ ಜನರು ಹಿಡಿಯುತ್ತಾರೆ. ಎರಡಕ್ಕೂ ಬೇಕಾದುದು ಒಂದೇ ಬಗೆಯ ಸೂಕ್ಷ್ಮತೆ.

ಕೆಳಗೆ ಎತ್ತಿಕೊಂಡ ಮಾತುಗಳಲ್ಲಿ ಕೆಲವು ಉತ್ತರ ಕರ್ನಾಟಕಕ್ಕೆಲ್ಲ ಸಮಾನವಾದವು, ಕೆಲವು ಕನ್ನಡನಾಡಿಗೆಲ್ಲ ಸಮಾನವಾದವು. ಅವು ಕುಷ್ಟಗಿಯವಷ್ಟೇ ಎಂಬುದು ಇಲ್ಲಿಯ ವಾದವಲ್ಲ. ಅವು ಅಲ್ಲಿ ಯಾವ ಬಾಳಿನೊಳಗೆ ಸೇರಿಕೊಂಡು ಅರ್ಥಪಡೆಯುತ್ತವೆಯೆಂಬುದೇ ಮುಖ್ಯ.

೨

ಮೊದಲು ಶಬ್ದರಚನೆಯನ್ನು ನೋಡಬಹುದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಧಿತಗಳಿಗೆ ಒಂದು ಪ್ರಕರಣವನ್ನೇ ಕೊಟ್ಟಿದ್ದಾನೆ. ಶಾಲೆಯ ವ್ಯಾಕರಣಗಳಲ್ಲಿ ಲಂಚಗುಳಿ, ಮಾತಾಳಿ ಎಂಬ ಉದಾಹರಣೆಗಳು ಎಲ್ಲರಿಗೂ ಪರಿಚಿತವಾಗಿವೆ. ಆಡುಮಾತಿನಲ್ಲಿ ಪ್ರತ್ಯಯದಂತೆಯೇ ನಡೆಯುವ ಉತ್ತರಪದಗಳನ್ನೂ ಕೂಡಿಸಿಕೊಂಡರೆ ಪಟ್ಟಿ ಬೆಳೆಯುತ್ತದೆ: ಬಾಯಿಬಡಕ, ಅಂಜುಬುರುಕ, ಹೊಟ್ಟೆಬಾಕ, ತಿಂಡಿಪೋತ, ಜಗಳಗಂಟ, ನಾಚಿಕೆಗೇಡಿ, ಮೈಗಳ್ಳ, ಬಾಯಿಹರಕ, ಮನೆಮುರುಕ, ಚಾಡಿಕೋರ. ಇವಕ್ಕೆ ಎದುರಾಗಿ ಹೊಗಳುವುದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುವು ‘ವಂತ’, ‘ಶಾಲಿ’ ಎಂಬುವು. ಅವೂ ಸಂಸ್ಕೃತದಿಂದ ಬಂದುವು. ಸದ್ಗುಣವನ್ನು ಒಂದೇ ಅಚ್ಚಿನಲ್ಲಿ ಎರೆದು, ದುರ್ಗುಣಕ್ಕೆ ಮಾತ್ರ ಒಂದೊಂದಕ್ಕೂ ಬೇರೆ ಬೇರೆ ಅಚ್ಚನ್ನು ಮಾಡಿಕೊಂಡಿರುವುದು ಈ ನುಡಿಯ ವಿಶೇಷ.

ಈ ಅಚ್ಚುಗಳು ಕೇವಲ ಅಲಂಕಾರಕ್ಕಾಗಿ ಬೇರೆಯಾದುವಲ್ಲ. ಬಡಕ, ಬುರುಕ, ಬಾಕ, ಪೋತಗಳು ಮಿತಿಮೀರಿದುದನ್ನು ಹೇಳುತ್ತವೆ. ‘ಕೆಡು’ ಎಂಬ ಧಾತುವಿನಿಂದ ಬಂದ ‘ಗೇಡಿ’ಯು ಇರಬೇಕಾದುದು ಹಾಳಾದುದನ್ನು ಹೇಳುತ್ತದೆ: ನಾಚಿಕೆಗೇಡಿ, ಮಾನಗೇಡಿ, ತಿಳಿಗೇಡಿ. ‘ಗಳ್ಳ’ವು ಪರರಿಗೆ ಸಲ್ಲಬೇಕಾದುದನ್ನು ಅಪಹರಿಸಿದುದನ್ನು ಹೇಳುತ್ತದೆ. ಅತಿ, ಕೇಡು, ಕಳವು ಎಂಬ ಈ ಮೂರು ವರ್ಗಗಳಲ್ಲಿ ಒಂದು ನೀತಿಶಾಸ್ತ್ರವೇ ಅಡಗಿದೆ. ಅದನ್ನು ಬರೆದವರು ಯಾರೂ ಇಲ್ಲ, ಅನುಸರಿಸುವವರು ಎಲ್ಲರೂ.

‘ಮೈಗಳ್ಳ’ನೆಂಬ ಮಾತನ್ನು ಪರೀಕ್ಷಿಸಿದರೆ ಇದು ಸ್ಪಷ್ಟವಾಗುತ್ತದೆ. ಇದಕ್ಕೆ ‘ಸೋಮಾರಿ’ ಎಂದಷ್ಟೇ ಅರ್ಥ ಬರೆದರೆ ಮಾತಿನ ಜೀವವೇ ಹೋಗುತ್ತದೆ. ಸೋಮಾರಿಯು ತನ್ನ ಮನೆಯಲ್ಲಿ ತಾನು ಮಲಗಿದರೆ ನಷ್ಟವು ಅವನದು. ಮೈಗಳ್ಳನು ಕದ್ದದ್ದು ತನ್ನ ಮೈಯನ್ನೇ ಆದರೂ ಕಳೆದುಕೊಂಡವರು ಬೇರೆಯವರು. ಮಳೆಯನ್ನು ನಂಬಿದ ಎರೆಹೊಲದ ಒಕ್ಕಲುತನದಲ್ಲಿ ಬಿತ್ತುವ ಹದವೂ ಕಳೆ ತೆಗೆಯುವ ಹದವೂ ಕೆಲವೇ ದಿನಗಳವು. ಆ ದಿನಗಳಲ್ಲಿ ಒಂದು ಮನೆಯವರು ಮತ್ತೊಂದು ಮನೆಯ ಹೊಲಕ್ಕೆ ಹೋಗಿ, ಬಳಿಕ ಅವರಿಂದ ಅಷ್ಟೇ ದುಡಿಮೆಯನ್ನು ಮರಳಿ ಪಡೆಯುವ ಮುಯ್ಯಾಳಿನ ಪದ್ಧತಿ ನಡೆದುಬಂದಿತು. ಮುಯ್ಯಿಗೆ ಬಂದವನು ಕೈ ನಿಧಾನಮಾಡಿದರೆ ಅವನು ಹಿಂದೆ ಪಡೆದ ದುಡಿಮೆಯ ಸಾಲವನ್ನು ತೀರಿಸದೆ ಹೋದಂತೆ. ಆದುದರಿಂದಲೇ ಅವನು ‘ಕಳ್ಳ’. ಕೂಲಿಯೂ ಯಂತ್ರವೂ ಮುಯ್ಯಿಯ ಸ್ಥಾನವನ್ನು ಹಿಡಿದಂತೆಲ್ಲ ಈ ಮಾತಿನ ಕಳವಿನ ಅಂಶವು ಮಸುಕಾಗಿ ಬರಿಯ ಸೋಮಾರಿತನವೇ ಉಳಿಯುತ್ತಿದೆ.

ಅತಿಥಿಧರ್ಮಕ್ಕೆ ಸಂಬಂಧಪಟ್ಟ ಮಾತು ಇದಕ್ಕಿಂತಲೂ ಚೆಲುವಾದುದು. ‘ಉಂಡ ಮನಿ ಜಂತಿ ಎಣಸಾಂವ’ ಎಂದರೆ ಉಂಡ ಮನೆಯ ಜಂತೆಗಳನ್ನು ಲೆಕ್ಕಮಾಡುವವನು. ಈ ಸೀಮೆಯ ಹಳೆಯ ಮಣ್ಣುಮಾಳಿಗೆಯ ಮನೆಯಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆಗಳು. ಮನೆಯ ಅನುಕೂಲವು ಅದರ ಮರಮುಟ್ಟಿನಿಂದಲೇ ತಿಳಿಯುವುದು. ಉಂಡು ಕಾಲುಚಾಚಿದ ಅತಿಥಿಯು ಮೇಲೆ ನೋಡಿದರೆ ಜಂತೆಗಳು ಕಾಣುವುದು ಸಹಜ, ಎಣಿಸುವುದು ಸಹಜವಲ್ಲ. ಕಾಣುವುದಕ್ಕೂ ಎಣಿಸುವುದಕ್ಕೂ ನಡುವಣ ಅಂತರವನ್ನು ಹಿಡಿದ ಈ ನುಡಿಯು ಕೃತಘ್ನತೆ, ಅಸೂಯೆ, ಹೊಂಚು ಎಂಬ ಮೂರನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಜಂತೆಯಿಲ್ಲದ ಸಿಮೆಂಟಿನ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಈ ಮಾತು ಒಗಟಾಗುವ ಕಾಲವು ದೂರವಿಲ್ಲ.

ಮಾತಿನ ದೋಷಗಳಿಗೆ ಇರುವ ಹೆಸರುಗಳು ಇನ್ನೂ ಹೆಚ್ಚು. ಬಾಯಿಬಡಕನು ಬಹಳ ಮಾತಾಡುವವನು. ಅವನಿಂದ ತಲೆನೋವಲ್ಲದೆ ಬೇರೆ ಕೇಡಿಲ್ಲ. ಬಾಯಿಹರಕನ ಬಾಯಿ ಹರಿದ ಚೀಲದಂತೆ; ಒಳಗೆ ನಿಲ್ಲಬೇಕಾದುದು ಹೊರಗೆ ಸುರಿಯುತ್ತದೆ. ಚಾಡಿಕೋರನದು ಸೋರುವಿಕೆಯಲ್ಲ, ಸಾಗಾಣಿಕೆ. ಇಲ್ಲಿಯದನ್ನು ಅಲ್ಲಿಗೆ ಒಯ್ಯುತ್ತಾನೆ. ‘ಕಿವಿ ಊದುವವ’ನು ದೊಡ್ಡವರೊಬ್ಬರ ಕಿವಿಯನ್ನೇ ಆರಿಸಿಕೊಳ್ಳುತ್ತಾನೆ. ‘ಕಡ್ಡಿ ಆಡಿಸುವವ’ನು ಮೊದಲೇ ಇದ್ದ ಕಿಡಿಯನ್ನು ಕೆದಕುತ್ತಾನೆ. ‘ಊರ ಉಸಾಬರಿ’ ಮಾಡುವವನು ತನಗೆ ಸಂಬಂಧವಿಲ್ಲದ ಹೊರೆಯನ್ನೆಲ್ಲ ಹೊತ್ತು ತಿರುಗುತ್ತಾನೆ. ಇವನಲ್ಲಿ ದುರುದ್ದೇಶವಿರಬೇಕೆಂಬ ನಿಯಮವಿಲ್ಲ. ಅಜಾಗರೂಕತೆಯಿಂದ ದ್ರೋಹದವರೆಗೆ ಮೆಟ್ಟಿಲುಮೆಟ್ಟಿಲಾಗಿ ಏರುವ ಈ ಕ್ರಮವನ್ನು ‘ವಾಚಾಳಿ’ ಎಂಬ ಒಂದು ಗ್ರಂಥಪದದಲ್ಲಿ ತುಂಬುವುದು ಸಾಧ್ಯವಿಲ್ಲ.

ಹೊಗಳಿಕೆಯ ದೋಷಕ್ಕೂ ಹೀಗೆಯೇ ತರತಮಗಳಿವೆ. ‘ಬೆಣ್ಣೆ ಹಚ್ಚುವವ’ನು ತನ್ನ ಲಾಭವನ್ನು ಬಲ್ಲವನು. ‘ಕೋಲೆಬಸವ’ನು ಲಾಭವನ್ನೂ ಅರಿಯದೆ, ವಾದ್ಯದ ದನಿಗೆ ತಲೆಯಾಡಿಸುವ ಎತ್ತಿನಂತೆ ಎಲ್ಲಕ್ಕೂ ಒಪ್ಪುವವನು. ‘ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು’ ಎಂಬ ಗಾದೆಯು ವ್ಯಕ್ತಿಯನ್ನು ಬಿಟ್ಟು ಸಭೆಯನ್ನೇ ಹಳಿಯುತ್ತದೆ. ದೋಷವು ಒಬ್ಬನದಲ್ಲ, ಬೇರೆ ಮಾತಿಗೆ ಎಡೆಗೊಡದ ಚಾವಡಿಯದು. ಸಮಾಜವು ತನ್ನನ್ನು ತಾನೇ ತೂಗಿನೋಡಿದ ಇಂತಹ ನುಡಿಗೆ ಬೆಲೆ ಹೆಚ್ಚು.

೩

ಇನ್ನು ಎರವಲಿನ ಶಬ್ದಗಳು. ಅರಬ್ಬಿಯಲ್ಲಿ ‘ದಿಮಾಘ್’ ಎಂದರೆ ಮೆದುಳು. ಕನ್ನಡದಲ್ಲಿ ‘ದಿಮಾಕು’ ಎಂದರೆ ಸೊಕ್ಕು. ‘ಮಿಜಾಜ್’ ಎಂದರೆ ಪ್ರಕೃತಿ ಅಥವಾ ಮನೋಧರ್ಮ. ಕನ್ನಡದ ‘ಮಿಜಾಜು’ ಬಿಗುಮಾನ. ‘ಶೌಕ್’ ಎಂದರೆ ಅಭಿರುಚಿ. ‘ಶೋಕಿ’ ಎಂದರೆ ಮೇಲುಬೆಡಗು. ಹಿಂದೂಸ್ತಾನಿಯ ‘ಬಡಾಈ’ ದೊಡ್ಡತನ. ‘ಬಡಾಯಿ’ ಇಲ್ಲದ ದೊಡ್ಡತನವನ್ನು ಕೊಚ್ಚಿಕೊಳ್ಳುವುದು. ಪಾರಸಿಯ ‘ಖೋರ್’ ಎಂಬುದಕ್ಕೆ ತಿನ್ನುವವನೆಂದು ಅರ್ಥ. ಹರಾಮಖೋರ, ಲಂಚಖೋರರಲ್ಲಿ ಅದು ಹಾಗೆಯೇ ನಿಂತು, ‘ಕೋರ’ ಎಂದು ಕನ್ನಡಕ್ಕೆ ಒಗ್ಗಿ, ಚಾಡಿಕೋರ, ತಂಟೆಕೋರ ಮುಂತಾದ ಕಡೆಗಳಲ್ಲಿ ತಿನ್ನುವ ಅರ್ಥವನ್ನು ಬಿಟ್ಟು ಬರಿಯ ಪ್ರತ್ಯಯವಾಯಿತು. ಮರಾಠಿಯ ‘ಖೋಡಿ’ ಎಂದರೆ ತಂಟೆ, ಕುಚೇಷ್ಟೆ. ಇಲ್ಲಿ ಅದು ತಂಟೆಮಾಡುವವನಿಗೇ ಹೆಸರಾಗಿದೆ.

ಮೆದುಳು, ಪ್ರಕೃತಿ, ಅಭಿರುಚಿ, ದೊಡ್ಡತನ ಎಂಬ ಗೌರವದ ಮಾತುಗಳೇ ಕನ್ನಡಕ್ಕೆ ಬಂದು ಹಳಿವ ನುಡಿಗಳಾದುದು ಗಮನಾರ್ಹ. ಇದು ಹೈದರಾಬಾದಿನ ಆಳ್ವಿಕೆಯ ಮೇಲಣ ಪ್ರಜೆಗಳ ಪ್ರತೀಕಾರವೆಂದು ಹೇಳಿಬಿಡುವುದು ಆಕರ್ಷಕವಾದರೂ ನಿಲ್ಲುವ ಮಾತಲ್ಲ. ಏತಕ್ಕೆಂದರೆ ದಿಮಾಕು, ಶೋಕಿ, ಬಡಾಯಿಗಳು ನಿಜಾಮರ ಆಳ್ವಿಕೆಯನ್ನು ಕಾಣದ ಮೈಸೂರು ಸೀಮೆಯಲ್ಲಿಯೂ ಇದೇ ಅರ್ಥದಲ್ಲಿ ನಡೆಯುತ್ತವೆ. ‘ಅಧಿಕಪ್ರಸಂಗಿ’ ಎಂಬ ಸಂಸ್ಕೃತ ಸಮಾಸಕ್ಕೂ ಇದೇ ಗತಿಯಾಯಿತು. ಆದಕಾರಣ ಸರಿಯಾದ ನಿರ್ಣಯವು ಇನ್ನೂ ವ್ಯಾಪಕವಾದುದು: ಕಚೇರಿಯ ಭಾಷೆಯಾಗಲಿ ಪಾಠಶಾಲೆಯ ಭಾಷೆಯಾಗಲಿ, ಮೇಲಿನಿಂದ ಇಳಿದುಬಂದ ಹಿರಿಯ ಮಾತನ್ನು ಜನರು ಅದನ್ನು ಆಡುವವನ ನಡತೆಯೊಡನೆ ಹೋಲಿಸಿನೋಡಿ, ಎರಡಕ್ಕೂ ಹೊಂದದಿದ್ದಾಗ ನಡತೆಗೇ ಆ ಮಾತನ್ನು ಅಂಟಿಸಿದರು.

ನಡತೆಯ ದೋಷಕ್ಕೆ ಚಿತ್ರದ ಮೂಲಕ ಹೆಸರಿಡುವುದು ಹಳ್ಳಿಗರ ಒರಟುತನವೆಂದು ಭಾವಿಸುವವರು ದೂರದೇಶದ ಒಂದು ನಿದರ್ಶನವನ್ನು ನೋಡಬಹುದು. ದಕ್ಷಿಣ ಚೀನದ ಗುವಾಂಗ್‌ಡಾಂಗ್ ಪ್ರಾಂತದಲ್ಲಿಯೂ ಹಾಂಗ್‌ಕಾಂಗ್ ನಗರದಲ್ಲಿಯೂ ಆಡುವ ಕ್ಯಾಂಟನೀಸ್ ನುಡಿಯಲ್ಲಿ ಮುಖಸ್ತುತಿ ಮಾಡುವುದಕ್ಕೆ ‘ಚಾಟ್ ಹಾಯ್’, ಎಂದರೆ ಜೋಡು ಒರೆಸುವುದು, ಎನ್ನುತ್ತಾರೆ. ಕೆಲಸ ತಪ್ಪಿಸಿಕೊಳ್ಳುವವನು ‘ಸೆ ವೋಂಗ್’, ಹಾವುಗಳ ಅರಸು. ಬರುತ್ತೇನೆಂದು ಹೇಳಿ ಬಾರದಿರುವುದು ‘ಫೋಂಗ್ ಫೇ ಕೇ’, ವಿಮಾನ ಬಿಡುವುದು. ಪರರ ಸಂಗತಿಯನ್ನು ಕೆದಕುವ ಚಾಳಿಗೆ ‘ಪಾತ್ ಕ್ವಾ’ ಎಂದು ಹೆಸರು. ಅದು ಮೂಲದಲ್ಲಿ ಭವಿಷ್ಯ ನೋಡುವ ಎಂಟು ರೇಖಾಚಿಹ್ನೆಗಳ ಹೆಸರು. ಅಲ್ಲಿಯೂ ಶಾಸ್ತ್ರದ ಮಾತು ಬೀದಿಗೆ ಬಂದು ಚಾಳಿಯ ಹೆಸರಾಯಿತು. ಜಗತ್ತಿನ ಬಹು ದೊಡ್ಡ ವಾಣಿಜ್ಯನಗರಗಳಲ್ಲಿ ಒಂದರ ಜನರು ಮಾಡಿದುದನ್ನೇ ಕುಷ್ಟಗಿಯ ಒಕ್ಕಲಿಗರೂ ಮಾಡಿರುವರು. ಇದು ಗ್ರಾಮ್ಯತೆಯ ಲಕ್ಷಣವಲ್ಲ. ಜನರು ಒತ್ತಾಗಿ ಬಾಳುವಲ್ಲೆಲ್ಲ ಹುಟ್ಟುವ ವಿವೇಕದ ಲಕ್ಷಣ.

೪

ಹೀಗಿದ್ದರೂ ಈ ನುಡಿಗಳು ಉಪೇಕ್ಷಿತವಾದುದಕ್ಕೆ ಕಾರಣಗಳು ಎರಡು. ಒಂದು, ಅಲಂಕಾರಶಾಸ್ತ್ರದಿಂದ ಬಂದ ಸಂಸ್ಕಾರ. ಗ್ರಾಮ್ಯವೆಂಬುದನ್ನು ಲಾಕ್ಷಣಿಕರು ದೋಷಗಳಲ್ಲಿ ಎಣಿಸಿದರು. ಕಾವ್ಯದ ಗಂಭೀರಸ್ಥಾನದಲ್ಲಿ ಹಗುರವಾದ ಮಾತು ರಸಭಂಗವನ್ನುಂಟುಮಾಡುವುದೆಂಬ ಆ ನಿಯಮವು ಸರಿಯಾದುದೇ. ಆದರೆ ಔಚಿತ್ಯದ ಮೇಲೆ ನಿಂತ ನಿಯಮವನ್ನು ಶಬ್ದದ ಜಾತಿಯ ಮೇಲೆ ನಿಂತ ನಿಷೇಧವೆಂದು ತಿಳಿದುದು ತಪ್ಪಾಯಿತು. ಕ್ರಿ. ಶ. ೧೧೧೨ರಲ್ಲಿ ಧರ್ಮಾಮೃತವನ್ನು ಮುಗಿಸಿದ ಮುಳುಗುಂದದ ನಯಸೇನನು ಗಾದೆಗಳನ್ನೂ ಬಳಕೆಯ ಉಪಮೆಗಳನ್ನೂ ಧಾರಾಳವಾಗಿ ತಂದನು. ಅವನ ಧರ್ಮಬೋಧೆಗೆ ಅದರಿಂದ ಬಲವೇ ಬಂದಿತು. ಸರ್ವಜ್ಞನ ತ್ರಿಪದಿಗಳಲ್ಲಿ ಜಿಪುಣನೂ ಡಾಂಭಿಕನೂ ಬಳಕೆಯ ಮಾತಿನಲ್ಲಿಯೇ ಹಳಿಯಲ್ಪಟ್ಟಿದ್ದಾರೆ.

ಎರಡನೆಯ ಕಾರಣವು ಕೋಶರಚನೆಯ ಪದ್ಧತಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಮಹಾಕೋಶವು ಗಾದೆಗಳನ್ನು ನಿದರ್ಶನವಾಗಿ ಉದಾಹರಿಸಿ ಆಡುಮಾತಿಗೆ ಬಾಗಿಲು ತೆರೆಯಿತು. ಆದರೆ ಪರಭಾಷೆಯಲ್ಲಿ ಅರ್ಥಕೊಡುವ ಕೋಶಕ್ಕೆ ಸಮಾನಪದವನ್ನು ಹುಡುಕುವುದೇ ಗುರಿಯಾಗುವುದರಿಂದ ಸಂದರ್ಭವು ಹಿಂದೆ ಬೀಳುವುದು ಅನಿವಾರ್ಯ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು, ೧೯೭೦ರಿಂದ ೧೯೯೫ರವರೆಗೆ ಹೊರಬಂದುದು, ಕನ್ನಡವಿದ್ವತ್ತಿನ ಹೆಮ್ಮೆಯ ಕೆಲಸ. ಅದರ ಬಲವೆಲ್ಲ ಕಾವ್ಯಶಾಸನಾದಿ ಪ್ರಯೋಗಗಳ ಆಧಾರದಲ್ಲಿದೆ. ಆ ಬಲವೇ ಇಲ್ಲಿ ಮಿತಿಯೂ ಆಗಿದೆ. ಬರೆಹಕ್ಕೆ ಬಾರದ ಮಾತಿಗೆ ಪ್ರಯೋಗವೆಲ್ಲಿಂದ ಬರಬೇಕು? ಧಾರವಾಡದ ಮಾತು ಬೇಂದ್ರೆ, ಶ್ರೀರಂಗರ ನಾಟಕಗಳಲ್ಲಿ ನೆಲೆಗೊಂಡಿತು. ಕಲಬುರ್ಗಿ ಸೀಮೆಯ ಮಾತು, ೨೦೦೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಯಲ್ಲಿ ನೆಲೆಗೊಂಡಿತು. ನಾಟಕ ಕಾದಂಬರಿಗಳಲ್ಲಿ ಇಂತಹ ನುಡಿಯು ಆಡಿದವನ ಬಾಯಿಯೊಡನೆಯೂ ಕೇಳಿದವನ ಕಿವಿಯೊಡನೆಯೂ ಉಳಿಯುವುದರಿಂದ ಕೋಶಕಾರನಿಗೆ ಅವು ಉತ್ತಮ ಆಕರಗಳು.

ಆಡಿದವನು ಯಾರು, ಕೇಳಿದವನು ಯಾರು ಎಂಬುದು ಇಲ್ಲಿ ಅರ್ಥದ ಅಂಗವೇ ಆಗಿದೆ. ‘ಖೋಡಿ’ ಎಂದು ಅಜ್ಜಿಯು ಮೊಮ್ಮಗನನ್ನು ಕರೆದರೆ ಅದು ಮುದ್ದು. ಸಂತೆಯಲ್ಲಿ ಅಪರಿಚಿತನನ್ನು ಕರೆದರೆ ಅದು ಜಗಳ. ‘ಮಂಗ್ಯಾ’ ಎಂಬುದು ಗೆಳೆಯರಲ್ಲಿ ಸಲಿಗೆ, ಬೀಗರಲ್ಲಿ ಅವಮಾನ. ‘ಅಧಿಕಪ್ರಸಂಗಿ’ ಎಂಬುದು ಪ್ರಸಂಗವನ್ನು ಮೀರಿ ಮಾತಾಡುವವನೆಂದು ಅರ್ಥಕೊಡುತ್ತದೆ. ಆದರೆ ಪ್ರಸಂಗವನ್ನು ಮೀರಿದ ಹಿರಿಯನಿಗೆ ಕಿರಿಯನು ಆ ಮಾತನ್ನು ಹೇಳುವಂತಿಲ್ಲ. ಅದು ಯಾವಾಗಲೂ ಮೇಲಿನಿಂದ ಕೆಳಗೆ ಹರಿಯುವ ಮಾತು. ಎಷ್ಟೋ ವೇಳೆ ಸರಿಯಾದ ಪ್ರಶ್ನೆಯನ್ನು ಕೇಳಿದ ಬಾಲಕನ ಬಾಯಿ ಮುಚ್ಚಿಸುವುದಕ್ಕೂ ಅದೇ ಸಾಧನ. ಈ ಸಂಗತಿಯನ್ನು ಹೇಳದ ಕೋಶವು ಶಬ್ದಾರ್ಥವನ್ನು ಕೊಟ್ಟು ವ್ಯವಹಾರಾರ್ಥವನ್ನು ಮರೆಮಾಡಿದಂತೆ.

೫

ಇಲ್ಲಿಂದಲೇ ಮೂರನೆಯ ಪ್ರಶ್ನೆಯು ಏಳುತ್ತದೆ. ಹಳಿವ ನುಡಿಯು ತೀರ್ಪಾದರೆ ತೀರ್ಪುಗಾರನು ಯಾವಾಗಲೂ ನ್ಯಾಯವಂತನೇ? ಆಡುಮಾತಿನ ಅಭಿಮಾನಿಗಳು ಈ ಪ್ರಶ್ನೆಯನ್ನು ಎದುರಿಸದೆ ದಾಟಿಬಿಡುವುದುಂಟು. ಅದು ಸರಿಯಲ್ಲ.

‘ಬಜಾರಿ’, ‘ಗಂಡುಬೀರಿ’, ‘ಗಯ್ಯಾಳಿ’ ಎಂಬ ಮಾತುಗಳಿಗೆ ಪುಲ್ಲಿಂಗವಿಲ್ಲ. ಬಜಾರಿನಲ್ಲಿ ದನಿಯೆತ್ತುವ ಗಂಡಸು ವ್ಯಾಪಾರಿ; ಹೆಂಗಸು ಬಜಾರಿ. ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಮನೆ ನಡೆಸುವವಳಿಗೆ ದನಿಯೆತ್ತದೆ ದಾರಿಯಿಲ್ಲ. ಅವಳ ದುಡಿಮೆಯ ಸಾಧನವನ್ನೇ ಅವಳ ದುರ್ಗುಣವೆಂದು ಹೆಸರಿಟ್ಟುದು ನಡತೆಯ ವಿಮರ್ಶೆಯಲ್ಲ. ಕ್ಯಾಂಟನೀಸಿನಲ್ಲಿಯೂ ಪರರ ಸಂಗತಿ ಕೆದಕುವ ಚಾಳಿಯು ಗಂಡುಹೆಣ್ಣುಗಳಿಗೆ ಸಮಾನವಾದರೂ ‘ಪಾತ್ ಪೋ’ ಎಂಬ ಕಟುವಾದ ಹೆಸರು ಹೆಂಗಸರ ಪಾಲಿಗೇ ಬಂದಿದೆ. ಆದುದರಿಂದ ಈ ಪಕ್ಷಪಾತವು ಒಂದು ನಾಡಿನದಲ್ಲ. ಅಷ್ಟರಿಂದ ಅದು ಕ್ಷಮ್ಯವೂ ಅಲ್ಲ.

ಇದಕ್ಕಿಂತ ಘೋರವಾದುವು ಜಾತಿಯ ಹೆಸರನ್ನೂ ಅಂಗವಿಕಲತೆಯನ್ನೂ ದುರ್ನಡತೆಯ ಹೆಸರಾಗಿ ಬಳಸುವ ಮಾತುಗಳು. ಕೊಳಕಿಗೆ, ಜಿಪುಣತನಕ್ಕೆ, ಗದ್ದಲಕ್ಕೆ ಒಂದೊಂದು ಜಾತಿಯನ್ನು ಗುರುತುಮಾಡಿದ ನುಡಿಗಳು ಕನ್ನಡದ ಎಲ್ಲ ಸೀಮೆಗಳಲ್ಲಿಯೂ ಇವೆ. ಅವನ್ನು ಇಲ್ಲಿ ಉದಾಹರಿಸುವುದು ಅನಾವಶ್ಯಕ. ಮೈಗಳ್ಳನು ದುಡಿಯತೊಡಗಿದರೆ ಆ ಹೆಸರಿನಿಂದ ಬಿಡುಗಡೆ ಹೊಂದುತ್ತಾನೆ. ಜಂತೆ ಎಣಿಸುವವನು ಎಣಿಕೆ ಬಿಟ್ಟರೆ ಮತ್ತೆ ಅತಿಥಿ. ಹುಟ್ಟನ್ನು ಹಿಡಿದು ಹಳಿದ ಮಾತಿನಿಂದ ಬಿಡುಗಡೆಗೆ ದಾರಿಯೇ ಇಲ್ಲ. ನ್ಯಾಯವಾದ ಹಳಿವಿಗೂ ಅನ್ಯಾಯವಾದ ಹಳಿವಿಗೂ ಇರುವ ಒರೆಗಲ್ಲು ಇದೇ: ತಿದ್ದಿಕೊಳ್ಳಲು ಸಾಧ್ಯವಾದುದನ್ನು ಹಳಿದರೆ ಅದು ವಿಮರ್ಶೆ, ಸಾಧ್ಯವಿಲ್ಲದುದನ್ನು ಹಳಿದರೆ ಅದು ಹಿಂಸೆ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವುದನ್ನು ಹನ್ನೆರಡನೆಯ ಶತಮಾನದ ಶರಣರು ಖಂಡಿಸಿದರು. ದೇಶದ ಶಾಸನವೂ ಬಹಳ ತಡವಾಗಿ ಅದೇ ಎಡೆಗೆ ಬಂದಿತು: ೧೯೮೯ರ ದೌರ್ಜನ್ಯ ಪ್ರತಿಬಂಧಕ ಅಧಿನಿಯಮವು ಪರಿಶಿಷ್ಟ ಜಾತಿ ಪಂಗಡಗಳವರನ್ನು ಸಾರ್ವಜನಿಕರ ಎದುರು ಬೇಕೆಂದೇ ಅವಮಾನಿಸುವುದನ್ನು ದಂಡನಾರ್ಹವೆಂದಿತು, ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಅವರ ವಿಷಯದಲ್ಲಿಯೂ ಹಾಗೆಯೇ ವಿಧಿಸಿತು.

ಹಾಗಾದರೆ ಅನ್ಯಾಯದ ನುಡಿಗಳನ್ನು ಕೋಶದಿಂದ ಕಿತ್ತುಹಾಕಬೇಕೇ ಎಂದರೆ, ಬೇಡ. ಕಿತ್ತುಹಾಕಿದರೆ ಅವು ನಾಲಗೆಯಿಂದ ಹೋಗುವುದಿಲ್ಲ; ಅವು ಇದ್ದುವೆಂಬ ಸಾಕ್ಷ್ಯ ಮಾತ್ರ ಹೋಗುತ್ತದೆ. ಅವುಗಳ ಪಕ್ಕದಲ್ಲಿ ಯಾರನ್ನು, ಯಾವ ಕಾರಣದಿಂದ ನೋಯಿಸುವ ಮಾತೆಂಬುದನ್ನು ನಿರ್ದಾಕ್ಷಿಣ್ಯವಾಗಿ ಬರೆಯಬೇಕು. ಇಂತಹ ಸಂಗ್ರಹದಿಂದ ಅಸಭ್ಯತೆಗೆ ಮನ್ನಣೆ ದೊರೆಯುವುದೆಂಬ ಆಕ್ಷೇಪಣೆಗೂ ಇದೇ ಸಮಾಧಾನ. ರೋಗವನ್ನು ವರ್ಣಿಸಿದ ವೈದ್ಯನು ರೋಗವನ್ನು ಹೊಗಳಿದವನಲ್ಲ.

ಆದುದರಿಂದ ಕುಷ್ಟಗಿ ಸೀಮೆಯ ಪದಕೋಶವನ್ನು ರಚಿಸುವವರು ಪ್ರತಿಯೊಂದು ಹಳಿವ ನುಡಿಗೂ ನಾಲ್ಕು ಸಂಗತಿಗಳನ್ನು ಕೊಡುವುದು ಅವಶ್ಯಕ: ಮಾತಿನ ಹುಟ್ಟು, ಅದು ಹಳಿಯುವ ನಡತೆ, ಯಾರು ಯಾರಿಗೆ ಆಡಬಹುದೆಂಬ ಕಟ್ಟು, ಆ ಮಾತಿನ ಹಿಂದಿರುವ ವಸ್ತು ಅಥವಾ ಪದ್ಧತಿ. ‘ಜಂತಿ ಎಣಿಸು’ ಎಂಬಲ್ಲಿ ಮಾಳಿಗೆಯ ಮನೆಯನ್ನೂ, ‘ಮೈಗಳ್ಳ’ ಎಂಬಲ್ಲಿ ಮುಯ್ಯಿಯನ್ನೂ, ‘ಬಜಾರಿ’ ಎಂಬಲ್ಲಿ ಆ ಮಾತಿನ ಪಕ್ಷಪಾತವನ್ನೂ ಹೇಳದಿದ್ದರೆ ಸಂಗ್ರಹವು ಅಪೂರ್ಣವಾಗುತ್ತದೆ. ಜಂತೆಗಳನ್ನು ಕಂಡವರು, ಮುಯ್ಯಿಗೆ ಹೋದವರು ಇನ್ನೂ ಹನುಮಸಾಗರ, ತಾವರಗೇರಾ, ದೋಟಿಹಾಳಗಳ ಕಟ್ಟೆಗಳ ಮೇಲೆ ಕುಳಿತಿರುವಾಗಲೇ ಈ ಕೆಲಸವು ನಡೆಯತಕ್ಕದ್ದು. ಅವರ ತರುವಾಯ ಶಬ್ದಗಳು ಸಿಕ್ಕಬಹುದು, ತೀರ್ಪುಗಳು ಸಿಕ್ಕಲಾರವು.